ಪರೀಕ್ಷೆಗೆ ಉಟ್ಟ ಮೈಸೂರು ಸಿಲ್ಕು

ಜೂನ್ ೮, ೨೦೨೫, ಭಾನುವಾರ

ಈವತ್ತು ಬೆಳಿಗ್ಗೆ ನನಗೊಂದು ಸಂಬಂಧ ಬಂತು.

ಮೂವತ್ತೇಳನೇ ವಯಸ್ಸಿನಲ್ಲಿ ಬಂದ ಸಂಬಂಧವನ್ನು ಹೆಣ್ಣಾದವಳು ಹೆಚ್ಚು ಪ್ರಶ್ನೆ ಕೇಳದೆ ಒಪ್ಪಿಕೊಳ್ಳತಕ್ಕದ್ದು ಎಂಬುದು ಜಯನಗರ ನಾಲ್ಕನೇ ಟಿ ಬ್ಲಾಕಿನ ಅಲಿಖಿತ ಸಂವಿಧಾನ. ತಂದವನು ನನ್ನ ತಮ್ಮ ನಚಿಕೇತ. ಜೆ.ಪಿ. ನಗರದಿಂದ ಒಂದು ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಂದರಲ್ಲಿ ಸೆಟ್ ದೋಸೆ ಪಾರ್ಸೆಲ್ಲು ಹಿಡಿದು ಬಂದವನು ಚಪ್ಪಲಿ ಬಿಡುವುದಕ್ಕೂ ಮುಂಚೆ ಕೂಗಿದ:

"ಅಕ್ಕ, ಸಿಕ್ತು ಕಣೇ! ಟ್ರಯಲ್ಲು! ಇಂಡಿಯಾದಲ್ಲೇ! ಅದೂ ಬನ್ನೇರುಘಟ್ಟ ರೋಡಲ್ಲಿ!"

ಬ್ಯಾಂಕಿನವರು ಜನವರಿಯಲ್ಲಿ ಕೊಟ್ಟ ಈ ಡೈರಿ ಐದು ತಿಂಗಳಿಂದ ಖಾಲಿ ಕುಳಿತಿತ್ತು. ಇಂಥ ದಿನವೂ ಉದ್ಘಾಟನೆ ಮಾಡದಿದ್ದರೆ ಅದಕ್ಕೆ ಅವಮಾನ. ಆದ್ದರಿಂದ, ಮುಂದೆಂದಾದರೂ ಇದರ ಹಾಳೆ ಹರಿದು ಕಡಲೆಕಾಯಿ ಕಟ್ಟುವವರ ತಿಳುವಳಿಕೆಗಾಗಿ ವಧುವಿನ ಪರಿಚಯ:

ಹೆಸರು ಸತ್ಯಭಾಮಾ. ವೃತ್ತಿ, ಒಂದು ಬ್ಯಾಂಕಿನ ಮೊಬೈಲ್ ಆ್ಯಪ್ ಆಡುವ ಕನ್ನಡವನ್ನು ಬರೆಯುವುದು. ‘ಕ್ಷಮಿಸಿ, ನಿಮ್ಮ ಕೋರಿಕೆಯನ್ನು ಸದ್ಯಕ್ಕೆ ಪೂರೈಸಲಾಗುತ್ತಿಲ್ಲ’ ಎಂದು ಯಾರ ಫೋನಾದರೂ ವಿನಯದಿಂದ ಹೇಳಿದ್ದರೆ ಆ ವಿನಯ ನನ್ನದು. ಕಾಯಿಲೆ, ಹತ್ತು ಲಕ್ಷದಲ್ಲಿ ಒಬ್ಬರಿಗೆ ಬರುವಂಥದ್ದು. ಅದರ ಲ್ಯಾಟಿನ್ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಒಂದು ಬಿಎಂಟಿಸಿ ಬಸ್ಸು ತಪ್ಪಿಹೋಗುತ್ತದೆ. ಕನ್ನಡದಲ್ಲಿ ಹೇಳುವುದಾದರೆ, ನನ್ನ ದೇಹಕ್ಕೆ ಮೂಳೆ ಕಟ್ಟುವ ಚಟ. ಪೆಟ್ಟು ಬಿದ್ದ ಕಡೆ, ಕೆಲವು ಸಲ ಬೀಳದ ಕಡೆಯೂ, ಮಾಂಸಖಂಡ ಊದಿಕೊಂಡು, ಬಿಸಿಯಾಗಿ, ವಾರಗಳಲ್ಲಿ ಮೂಳೆಯಾಗಿಬಿಡುತ್ತದೆ. ಬೆಂಗಳೂರಿನಲ್ಲಿ ಖಾಲಿ ಸೈಟಿಗೆ ಏನಾಗುತ್ತದೋ ಅದೇ. ಪ್ಲಾನಿಗೆ ಮಂಜೂರಾತಿ ಇಲ್ಲ, ಅಕ್ಕಪಕ್ಕ ಜಾಗ ಬಿಡುವುದಿಲ್ಲ. ಕೆಡವಲು ಹೋದರೆ ಆ ಜಾಗದಲ್ಲೇ ಎರಡರಷ್ಟು ಕಟ್ಟುತ್ತದೆ. ಹನ್ನೊಂದನೇ ವಯಸ್ಸಿನಲ್ಲಿ ಬೆನ್ನ ಮೇಲಿನ ಗಂಟನ್ನು ಕೊಯ್ದು ನೋಡಿದವರಿಗೆ ಅದು ಗೊತ್ತಿರಲಿಲ್ಲ.

ಕತ್ತು ಮಿಡ್ಲ್ ಸ್ಕೂಲಿನಲ್ಲಿ, ಬೆನ್ನು ಕಾಲೇಜಿನಲ್ಲಿ, ಎಡಭುಜ ಅಪ್ಪ ತೀರಿಕೊಂಡ ವರ್ಷ ಕೆಲಸ ಬಿಟ್ಟವು. ಉಳಿದಿರುವುದು ಬಲಗೈ. ಅನ್ನ ಬಾಯಿಗೆ ಬರುವುದು, ತಲೆ ಬಾಚುವುದು, ಕಣ್ಣಿಗೆ ಬಿದ್ದ ಧೂಳು ತೆಗೆಯುವುದು, ಸಂಬಳ, ಈ ಡೈರಿ, ಎಲ್ಲವೂ ಆ ಒಂದು ಕೈಯ ಕೃಪೆ.

ವರ, ಇನ್ನೂ ಪ್ರಯೋಗದಲ್ಲಿರುವ ಒಂದು ಮಾತ್ರೆ. ಇನ್ನೂ ನಾಮಕರಣವಾಗಿಲ್ಲ, ಸದ್ಯಕ್ಕೆ ಕಾರಿನ ನಂಬರ್ ಪ್ಲೇಟಿನಂಥ ಹೆಸರು. ಅದು ಕಟ್ಟಿರುವ ಮೂಳೆಯನ್ನು ಕರಗಿಸುವುದಿಲ್ಲವಂತೆ, ಹೊಸದು ಕಟ್ಟುವುದನ್ನು ತಡೆಯುತ್ತದೆಯೇ ಎಂದು ನೋಡುತ್ತಾರಂತೆ. ಅಂದರೆ ನನ್ನ ಮಟ್ಟಿಗೆ ಈ ಮದುವೆಯಿಂದ ಉಳಿಯಬೇಕಾದದ್ದು ಒಂದೇ ಒಂದು ಮೊಣಕೈ.

ಮೂರು ವರ್ಷದಿಂದ ನಚ್ಚಿ ಹುಡುಕುತ್ತಿದ್ದಾನೆ. ಸಿಕ್ಕಿದ್ದೆಲ್ಲ ಬಾಸ್ಟನ್ನು, ಪ್ಯಾರಿಸ್ಸು, ಟೊರಾಂಟೊ. ಅಲ್ಲಿಗೆ ನನ್ನನ್ನು ವಿಮಾನದಲ್ಲಿ ಏಣಿಯ ಹಾಗೆ ಒರಗಿಸಿಕೊಂಡು ಹೋಗಬೇಕಾಗಿತ್ತು. ಈ ಸಲದ್ದಕ್ಕೆ ಸಿಲ್ಕ್ ಬೋರ್ಡಿನ ಟ್ರಾಫಿಕ್ಕನ್ನೂ ದಾಟಬೇಕಾಗಿಲ್ಲ. ಭಾರತಕ್ಕೆ ಆರು ಜಾಗ. ನಾಲ್ಕು ಆಗಲೇ ಭರ್ತಿ.

ಷರತ್ತುಗಳನ್ನು ನಚ್ಚಿ ಗಟ್ಟಿಯಾಗಿ ಓದಿದ. ವಯಸ್ಸು ಹದಿನೆಂಟು ದಾಟಿರಬೇಕು. ಮೂತ್ರಪಿಂಡ, ಲಿವರು ಸುಸ್ಥಿತಿಯಲ್ಲಿರಬೇಕು. ಬೇರೆ ಪ್ರಯೋಗಗಳ ಜತೆ ಹಳೆಯ ಸಂಬಂಧ ಇರಕೂಡದು. ಕೊನೆಯದಾಗಿ, ಕಳೆದ ಒಂದು ವರ್ಷದಲ್ಲಿ ಕಾಯಿಲೆ ಚುರುಕಾಗಿರಬೇಕು.

ಹುಡುಗಿ ಚುರುಕಾಗಿರಬೇಕು ಎಂದು ಕೇಳಿದವರನ್ನು ಕಂಡಿದ್ದೇನೆ. ಕಾಯಿಲೆ ಚುರುಕಾಗಿರಬೇಕು ಎಂದವರು ಇವರೇ ಮೊದಲು.

ಅಮ್ಮ ಚಟ್ನಿ ಬಡಿಸುತ್ತಾ ಕೇಳಿದಳು: "ಒಳ್ಳೆ ಜನಾನೇನೋ?"

ಜೂನ್ ೧೯, ಗುರುವಾರ

ಆಸ್ಪತ್ರೆಯಿಂದ ರೇಖಾ ಎಂಬಾಕೆ ಫೋನ್ ಮಾಡಿದ್ದಳು. ಟ್ರಯಲಿನ ಕೋಆರ್ಡಿನೇಟರು, ಅಂದರೆ ಮದುವೆ ದಲ್ಲಾಳಿ. ದನಿಯಲ್ಲಿ ಎಷ್ಟು ಮರ್ಯಾದೆ ಎಂದರೆ ನಮ್ಮ ಬ್ಯಾಂಕಿನವರು ತಕ್ಷಣ ಕೆಲಸ ಕೊಡುತ್ತಾರೆ. ಜುಲೈ ಹದಿನೈದಕ್ಕೆ ಸ್ಕ್ರೀನಿಂಗು. ಆಯ್ಕೆಯಾದವರಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಅದರಂತೆಯೇ ಕಾಣುವ, ಔಷಧಿಯಿಲ್ಲದ ಬರೀ ಮಾತ್ರೆ. ಯಾರಿಗೆ ಯಾವುದು ಎಂಬುದು ಡಾಕ್ಟರಿಗೂ ಗೊತ್ತಿರುವುದಿಲ್ಲ.

ಅಮ್ಮನಿಗೆ ಹೇಳಿದೆ. ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ಯೋಚಿಸಿ ಅಂದಳು: "ಯಾರಿಗೆ ಯಾವ್ದು ಅಂತ ಕೊಡೋರಿಗೂ ಗೊತ್ತಿರಲ್ವಾ? ಹಾಗಾದ್ರೆ ಪರವಾಗಿಲ್ಲ ಬಿಡು, ವಶೀಲಿ ನಡೆಯಲ್ಲ."

ಬಲ ಮೊಣಕೈ ಎರಡು ದಿನದಿಂದ ಬೆಚ್ಚಗಿದೆ. ಕೆಲಸಕ್ಕೆ ಕೂರುವ ಹೊಸ ಸ್ಟೂಲು ಒಂದು ಇಂಚು ಎತ್ತರ ಹೆಚ್ಚು, ಅದರದ್ದೇ ಇರಬೇಕು.

ಜುಲೈ ೪, ಶುಕ್ರವಾರ

ಸ್ಟೂಲಿನದ್ದಲ್ಲ.

ಈಗ ಡೈರಿ ಬರೆಯುವುದು ಇಸ್ತ್ರಿ ಟೇಬಲ್ಲಿನ ಮೇಲೆ, ನಿಂತು. ಅದರ ಎತ್ತರವನ್ನು ಏರಿಸಿ ಇಳಿಸಬಹುದು. ದೇಹಕ್ಕೆ ಇಲ್ಲದ ಎಷ್ಟೋ ಸೌಲಭ್ಯಗಳು ಇಸ್ತ್ರಿ ಟೇಬಲ್ಲಿಗಿವೆ. ಚಮಚ ಬಾಯಿಗೆ ಬರುತ್ತದೆ. ಕೊನೆಯ ನಾಲ್ಕು ಬೆರಳಿನಷ್ಟು ದೂರವನ್ನು ಕತ್ತಿಲ್ಲದ ನಾನು ಸೊಂಟದಿಂದ ಬಾಗಿ ಕ್ರಮಿಸುತ್ತೇನೆ. ಕೊಕ್ಕರೆ ನೋಡಿದರೆ ಮೆಚ್ಚಿಕೊಳ್ಳುತ್ತದೆ.

"ಯಾಕೇ ಹಾಗೆ ತಿಂತೀಯ?" ಎಂದಳು ಅಮ್ಮ.

"ಸಾರು ಸೀರೆ ಮೇಲೆ ಬೀಳ್ಬಾರ್ದು ಅಂತ."

"ನೀನು ಹಾಕ್ಕೊಂಡಿರೋದು ನೈಟಿ."

ತುಂಬು ತೋಳಿನ ನೈಟಿಗಳನ್ನೇ ಹಾಕುತ್ತಿದ್ದೇನೆ. ಅಮ್ಮನಿಗೆ ಅರವತ್ತೊಂಬತ್ತು. ಈಗಲೇ ಹೇಳಿ ಅವಳ ನಿದ್ದೆ ಕೆಡಿಸುವುದು ಯಾಕೆ?

ಜುಲೈ ೧೫, ಮಂಗಳವಾರ

ವಧುಪರೀಕ್ಷೆ ಸಾಂಗವಾಗಿ ನೆರವೇರಿತು. ವಿವರವಾಗಿ ಬರೆಯಬೇಕು, ಕೈ ಒಪ್ಪಿದಷ್ಟು.

ಬೆಳಿಗ್ಗೆ ಎದ್ದಾಗ ಮಂಚದ ಮೇಲೆ ಪಾಚಿ ಹಸಿರಿನ ಮೈಸೂರು ಸಿಲ್ಕು ಸಿದ್ಧವಾಗಿತ್ತು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ರಾಜಾಜಿನಗರದ ಒಂದು ಕುಟುಂಬ ನನ್ನನ್ನು ನೋಡಲು ಬಂದಾಗ ತೆಗೆದದ್ದು. ಅವತ್ತು ಅಮ್ಮ ಎಡಭುಜ ಕಾಣದ ಹಾಗೆ ಸೆರಗಿಗೆ ಪಿನ್ನು ಹಾಕಿ, "ಯಾರಾದ್ರೂ ಪಕ್ಕದಿಂದ ಕರೆದ್ರೆ ತಿರುಗ್ಬೇಡ, ನಾಚಿಕೆ ಅನ್ಕೋತಾರೆ. ಏನ್ ಕೇಳಿದ್ರೂ ಚೆನ್ನಾಗಿದೀನಿ ಅನ್ನು" ಎಂದಿದ್ದಳು. ಅವರು ಕೇಸರಿಭಾತು ತಿಂದು, "ತಿಳಿಸ್ತೀವಿ" ಎಂದು ಹೋದರು. ಹದಿಮೂರು ವರ್ಷವಾಯಿತು, ಇನ್ನೂ ತಿಳಿಸಿಲ್ಲ.

"ಅಮ್ಮ, ಆಸ್ಪತ್ರೆಗೆ ಸಿಲ್ಕ್ ಸೀರೆನಾ?"

"ಆರಿಸ್ಕೊಳ್ಳೋಕೆ ಕೂತಿರೋರ ಮುಂದೆ ಹೋಗೋದು ಕಣೇ. ಲಕ್ಷಣವಾಗಿ ಹೋಗೋದು ಬೇಡ್ವಾ?"

ಲಕ್ಷಣವಾಗಿಯೇ ಹೋದೆ. ಜಡೆ, ಮಲ್ಲಿಗೆ, ಮೊಣಕೈವರೆಗೆ ತೋಳಿದ್ದ ಪ್ರೆಸ್ ಬಟನ್ನಿನ ಬ್ಲೌಸು. ಅಮ್ಮನ ಬ್ಯಾಗಿನಲ್ಲಿ ಸಿಬ್ಬಂದಿಗೆಂದು ಒಂದು ಡಬ್ಬಿ ಕೊಡುಬಳೆ. ನಚ್ಚಿ ನಮ್ಮನ್ನು ಬಾಗಿಲಲ್ಲಿ ಇಳಿಸಿ ಕಾರಿಗೆ ಜಾಗ ಹುಡುಕುತ್ತಾ ನೆಲಮಾಳಿಗೆಗೆ ಇಳಿದ.

ಕಾಯುವ ಕೋಣೆಯಲ್ಲಿ ಇನ್ನೊಂದು ಕಡೆಯವರೂ ಇದ್ದರು. ಹುಳಿಮಾವಿನ ಅಣ್ಣಮ್ಮ, ಆಕೆಯ ಮಗ ಭೀಮೇಶ್. ಇಪ್ಪತ್ತಾರರ ಭೀಮೇಶನಿಗೆ ಸೊಂಟವೇ ಹಿಡಿದುಹೋಗಿದೆ. ಗೋಡೆಗೆ ಒರಗಿ ನಿಂತಿದ್ದ. ನನ್ನದೇ ಕಾಯಿಲೆಯ ಇನ್ನೊಬ್ಬರನ್ನು ಜನ್ಮದಲ್ಲಿ ಮೊದಲ ಸಲ ನೋಡಿದೆ. ಇಬ್ಬರಿಗೂ ಕತ್ತು ಆಡದ ಕಾರಣ ಪರಸ್ಪರ ನೋಡಿಕೊಳ್ಳಲು ಇಬ್ಬರೂ ಪೂರ್ತಿ ತಿರುಗಬೇಕಾಯಿತು, ಗಡಿಯಾರದ ಗೊಂಬೆಗಳ ಹಾಗೆ. ನಗು ಬಂತು. ಅವನಿಗೂ.

ಮೊದಲು ಅವರನ್ನು ಕರೆದರು. ಅಣ್ಣಮ್ಮನ ದನಿ ಒಳಗಿನಿಂದ ಇಡೀ ಮಹಡಿಗೆ ಕೇಳಿಸುತ್ತಿತ್ತು: "ನಿದ್ದೆ ಇಲ್ಲ ಕಣ್ರೀ ಡಾಕ್ಟ್ರೇ! ರಾತ್ರಿಯೆಲ್ಲಾ ಅವ್ವಾ ಅಂತಾನೆ. ತೊಡೆ ಕಾದ ಹೆಂಚಾಗೈತೆ, ಮುಟ್ಟಿ ನೋಡಿ, ಮುಟ್ಟಿ ಅಂತೀನಿ! ಏನ್ ಪಾಪ ಮಾಡಿದ್ವೋ!"

ಅಮ್ಮ ನನ್ನ ಕಡೆ ಬಾಗಿ ಪಿಸುಗುಟ್ಟಿದಳು: "ಪಾಪ. ಆದ್ರೂ ಹೀಗಾ ಕೂಗೋದು?"

ಭೀಮೇಶನಿಗೆ ಹುಳುಕು ಹಲ್ಲೊಂದು ಕೀವು ಕಟ್ಟಿದೆಯಂತೆ. ಅದು ಸರಿಯಾದ ಮೇಲೆ ಬನ್ನಿ ಎಂದರು. ನಮ್ಮ ಸರದಿ ಬಂತು.

ಡಾಕ್ಟರ್ ಮೈತ್ರಿ ಚಿಕ್ಕ ವಯಸ್ಸಿನವರು, ಸೌಮ್ಯ. ಪಕ್ಕದಲ್ಲಿ ರೇಖಾ ಟ್ಯಾಬ್ ಹಿಡಿದಿದ್ದಳು.

"ಹೇಗಿದೀರಾ ಮೇಡಂ?"

"ಚೆನ್ನಾಗಿದೀನಿ ಡಾಕ್ಟ್ರೇ. ನೀವು?"

"ಈ ಒಂದು ವರ್ಷದಲ್ಲಿ ಹೊಸದಾಗಿ ಊತ, ನೋವು ಏನಾದ್ರೂ?"

ನನಗೆ ಷರತ್ತು ಗೊತ್ತಿತ್ತು. ಬಾಯಿಪಾಠವಾಗಿತ್ತು. ಆದರೆ ಕೋಣೆ ತಂಪಾಗಿತ್ತು, ಎದುರಿಗಿದ್ದವರು ಒಳ್ಳೆಯವರಾಗಿದ್ದರು, ನಾನು ಮೈಸೂರು ಸಿಲ್ಕು ಉಟ್ಟಿದ್ದೆ. ಬಾಯಿ ತಾನಾಗಿ ಹೇಳಿತು:

"ಅಂಥಾದ್ದೇನಿಲ್ಲ. ಸ್ವಲ್ಪ ಸ್ವಲ್ಪ ಇರುತ್ತೆ. ಪರವಾಗಿಲ್ಲ."

"ನೋವು ಹತ್ತರಲ್ಲಿ ಎಷ್ಟು ಅಂತೀರಾ?"

"ಎರಡು." ಅದೂ ದುರಾಸೆ ಅನ್ನಿಸಿ, "ಒಂದೂವರೆ," ಎಂದೆ.

ಅಮ್ಮನೂ ಕೈಜೋಡಿಸಿದಳು. "ಆಫೀಸ್ ಕೆಲಸ ಎಲ್ಲಾ ಮಾಡ್ತಾಳೆ ಡಾಕ್ಟ್ರೇ. ತನ್ನ ಊಟ ತಾನೇ ಮಾಡ್ತಾಳೆ. ಒಂದಿನಾನೂ ಅಯ್ಯೋ ಅಂದವಳಲ್ಲ."

ಡಾಕ್ಟರು ಬಲ ಮೊಣಕೈ ಹಿಡಿದು ಮಡಿಸಿ ನೋಡಿದರು. "ಪೂರ್ತಿ ಬರ್ತಿಲ್ಲ. ಇದು ಮುಂಚಿನಿಂದ್ಲೂ ಹೀಗೇನಾ?"

"ಮುಂಚಿನಿಂದ್ಲೂ ಹೀಗೇ," ಎಂದೆ.

"ಬೆಚ್ಚಗೂ ಇದೆಯಲ್ಲ?"

"ಸಿಲ್ಕು ಡಾಕ್ಟ್ರೇ, ಬೆಚ್ಚಗೇ ಇರುತ್ತೆ."

ಹೋಲಿಸಿ ನೋಡಲು ಹಳೆಯ ಸ್ಕ್ಯಾನು ಇದೆಯೇ ಎಂದರು. ಇರಲಿಲ್ಲ. ರಕ್ತ ತೆಗೆದುಕೊಂಡರು, ಸ್ಕ್ಯಾನು ಮಾಡಿದರು, ಕೊಡುಬಳೆ ಹೊಗಳಿದರು. ಹೊರಡುವಾಗ ರೇಖಾ ನಗುತ್ತಾ ಹೇಳಿದಳು:

"ತಿಳಿಸ್ತೀವಿ ಮೇಡಂ."

ಜುಲೈ ೨೯, ಮಂಗಳವಾರ

ತಿಳಿಸಿದರು. ರಾಜಾಜಿನಗರದವರಿಗಿಂತ ಮೇಲು.

‘ನೀವು ತೋರಿದ ಆಸಕ್ತಿಗೆ ಹೃತ್ಪೂರ್ವಕ ಧನ್ಯವಾದಗಳು. ಕಾಯಿಲೆಯ ಇತ್ತೀಚಿನ ಚಟುವಟಿಕೆಗೆ ಪುರಾವೆ ಕಂಡುಬರದ ಕಾರಣ ತಮ್ಮನ್ನು ಸೇರಿಸಿಕೊಳ್ಳಲು ಸದ್ಯಕ್ಕೆ ಸಾಧ್ಯವಾಗುತ್ತಿಲ್ಲ.’

ಒಂದೇ ಪತ್ರದಲ್ಲಿ ‘ನೀವು’, ‘ತಮ್ಮ’ ಎರಡೂ ಬಳಸಬಾರದು. ‘ಹೃತ್ಪೂರ್ವಕ’ವನ್ನು ನಾನಾದರೆ ಹೊಡೆದುಹಾಕುತ್ತಿದ್ದೆ. ‘ಸದ್ಯಕ್ಕೆ’ ಮಾತ್ರ ಒಳ್ಳೆಯ ಪದ. ನಾನೂ ಅದನ್ನು ತುಂಬ ಬಳಸುತ್ತೇನೆ. ಬಾಗಿಲು ಹಾಕಿದರೂ ಚಿಲಕದ ಸದ್ದು ಕೇಳಿಸುವುದಿಲ್ಲ.

ಸಂಜೆ ನಚ್ಚಿ ಬಂದ. ರೇಖಾಗೆ ಫೋನ್ ಮಾಡಿ ವಿಚಾರಿಸಿಕೊಂಡೇ ಬಂದಿದ್ದ.

"ನಾನು ಪಾರ್ಕಿಂಗಿಗೆ ಅಂತ ಮೂರನೇ ಬೇಸ್‌ಮೆಂಟಲ್ಲಿ ಸುತ್ತುತಾ ಇದ್ರೆ, ನೀವಿಬ್ರೂ ಮೇಲೆ ಹೋಗಿ ಏನೂ ನೋವಿಲ್ಲ ಅಂತ ಹೇಳಿ ಕೊಡುಬಳೆ ಕೊಟ್ಟು ಬಂದ್ರಾ?"

"ಕೂಗ್ಬೇಡ್ವೋ, ಪಕ್ಕದ ಮನೆಗೆ ಕೇಳಿಸುತ್ತೆ," ಎಂದಳು ಅಮ್ಮ.

"ಕೇಳಿಸ್ಲಿ! ಒಂದೂವರೆ ಅಂತೆ! ಹತ್ತರಲ್ಲಿ ಒಂದೂವರೆ! ಸೊಳ್ಳೆ ಕಚ್ಚಿದ್ರೆ ಎರಡು ಅಂತಾರೆ ಜನ. ಅಕ್ಕ, ನಿಜ ಹೇಳು. ನಿಂಗೆ ಏನೂ ಆಗ್ತಿಲ್ವಾ?"

ತೋಳು ಸರಿಸಿ ತೋರಿಸಿದೆ. ಮೊಣಕೈ ಹಲಸಿನ ತೊಳೆಯಷ್ಟು ಊದಿತ್ತು, ಹಿಂಭಾಗ ಆಗಲೇ ಗಟ್ಟಿ. ನಚ್ಚಿ ಕುಳಿತುಬಿಟ್ಟ. ಅಮ್ಮ ಹತ್ತಿರ ಬಂದು ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

"ಎಷ್ಟು ದಿನದಿಂದ?"

"ಜೂನಿಂದ."

"ನಂಗೂ ಹೇಳ್ಲಿಲ್ಲ," ಎಂದಳು. ಅವಳು ಬಯ್ದಿದ್ದರೆ ವಾಸಿಯಿತ್ತು.

ಆಗಸ್ಟ್ ೨, ಶನಿವಾರ

ಪುರಾವೆ ಹುಡುಕುವ ಯಾತ್ರೆ. ಡಾಕ್ಟರ್ ಸುಭಾಷ್ ಇಪ್ಪತ್ತು ವರ್ಷದಿಂದ ನಮ್ಮ ಡಾಕ್ಟರು. ಒಂದು ವರ್ಷದೊಳಗೆ ನಾನು ನೋವು ಎಂದದ್ದನ್ನು ಎಲ್ಲಾದರೂ ಬರೆದುಕೊಂಡಿದ್ದರೆ ಸಾಕು, ರೇಖಾ ಅದನ್ನು ಮೇಲಕ್ಕೆ ಕಳಿಸುತ್ತಾಳಂತೆ.

ಅವರು ಕನ್ನಡಕ ಏರಿಸಿ ಹುಡುಕಿದರು. "ನವೆಂಬರಲ್ಲಿ ಬಂದಿದ್ದೆ. ‘ಆರಾಮ’ ಅಂದಿದೀಯ. ಫೆಬ್ರವರಿಯಲ್ಲೂ ಆರಾಮ. ಸ್ಕ್ಯಾನ್ ಮಾಡಿಸೋಣ್ವಾ ಅಂತ ಎರಡು ಸಲ ಕೇಳಿದೀನಿ, ಸುಮ್ನೆ ಯಾಕೆ ಸಾರ್ ಅಂದೆ. ನಾನೇನ್ ಬರೀಲಮ್ಮ? ನೀನು ಹೇಳಿದ್ದೇ ಬರೆದೆ."

ನಚ್ಚಿ ಒಂದು ಸಾಲು ಸೇರಿಸಿಕೊಡಿ ಎಂದು ಬೇಡಿಕೊಂಡ. ಅವರು ಕನ್ನಡಕ ತೆಗೆದಿಟ್ಟು, ಆಗಲ್ಲಪ್ಪ ಎಂದರು. ಇವತ್ತಿನ ಊತವನ್ನು ಮಾತ್ರ ಇವತ್ತಿನ ತಾರೀಕು ಹಾಕಿ ಬರೆದುಕೊಟ್ಟರು.

ಬಾಗಿಲ ತನಕ ಬಂದು, "ಬೇಜಾರಿಲ್ಲ ಅಲ್ವಾ?" ಎಂದರು.

"ಅಯ್ಯೋ, ಏನಿಲ್ಲ ಸಾರ್," ಎಂದೆ.

ಆಗಸ್ಟ್ ೮, ಶುಕ್ರವಾರ

ವರಮಹಾಲಕ್ಷ್ಮಿ. ಅರಿಶಿನ ಕುಂಕುಮಕ್ಕೆ ಬಂದ ಪ್ರತಿಯೊಬ್ಬರೂ, "ಹೇಗಿದೀಯಮ್ಮ?" ಎಂದರು. ಪ್ರತಿಯೊಬ್ಬರಿಗೂ ಅದೇ ಉತ್ತರ. ಸಂಜೆ ಹೊತ್ತಿಗೆ ಬಾಗಿಲಿಗೆ ಒಂದು ಬೋರ್ಡು ತಗುಲಿಸಬೇಕೆನಿಸಿತು. ಪುಳಿಯೋಗರೆಯನ್ನು ಯಾರೂ ನೋಡದಿದ್ದಾಗ ಅಡುಗೆಮನೆಯಲ್ಲಿ ಕೊಕ್ಕರೆ ಶೈಲಿಯಲ್ಲಿ ತಿಂದೆ. ನಾಲ್ಕು ಬೆರಳಿನ ದೂರ ಈಗ ಒಂದು ಗೇಣು.

ಆಗಸ್ಟ್ ೧೭, ಭಾನುವಾರ

ಒಳ್ಳೆಯ ಸುದ್ದಿ: ಡಾಕ್ಟರ್ ಸುಭಾಷ್ ಬರೆದ ಚೀಟಿಯಿಂದ ಮರುಪರೀಕ್ಷೆಗೆ ಒಪ್ಪಿದ್ದಾರೆ. ಕೆಟ್ಟ ಸುದ್ದಿ: ಉಳಿದಿರುವುದು ಒಂದೇ ಜಾಗ.

ಆದ್ದರಿಂದ ನರಳುವ ತಾಲೀಮು. ಊಟದ ಮೇಜಿನ ಆಚೆ ನಚ್ಚಿ ಡಾಕ್ಟರಾಗಿ ಕುಳಿತ.

"ಹೇಗಿದೀರಾ ಮೇಡಂ?"

"ಚೆನ್ನಾ..."

"ಕಟ್! ಮತ್ತೆ."

"ಪರ..."

"ಕಟ್! ಅಕ್ಕ, ಆ ಪದಾನ ಇವತ್ತಿಂದ ಈ ಮನೇಲಿ ಬ್ಯಾನ್ ಮಾಡ್ತಿದೀನಿ. ನೋವು ಹತ್ತರಲ್ಲಿ ಎಷ್ಟು?"

"ನಾಲ್ಕು?"

"ತರಕಾರಿ ಚೌಕಾಸಿ ಮಾಡ್ತಿದೀಯೇನೇ?"

ಅಮ್ಮ ಮಧ್ಯೆ ಬಾಯಿ ಹಾಕಿದಳು. "ಸುಳ್ಳು ಹೇಳೋಕೆ ಯಾಕೋ ಬಲವಂತ ಮಾಡ್ತೀಯ ಅವಳನ್ನ?"

"ಅಮ್ಮ, ಇಷ್ಟು ವರ್ಷ ಹೇಳಿದ್ದು ಸುಳ್ಳು! ಇದು ನಿಜ! ಸರಿ, ನೀನು ಹೇಳು. ಆ ದಿನ ಮೆಟ್ಟಿಲು ಹತ್ತುವಾಗ ಮಂಡಿ ಹಿಡ್ಕೊಂಡಿದ್ದೆಯಲ್ಲ, ಎ‌ಷ್ಟಿದೆ ನೋವು?"

"ನಂದೇನೋ, ಪರವಾಗಿಲ್ಲ ಬಿಡು."

ನಚ್ಚಿ ಮೇಜಿನ ಮೇಲೆ ತಲೆಯಿಟ್ಟ. ಮೂವರೂ ನಕ್ಕೆವು. ನಕ್ಕಾಗ ಮೊಣಕೈ ಕುಲುಕಿತು. ಎಂಟು. ಗಟ್ಟಿಯಾಗಿ ಹೇಳಲಿಲ್ಲ.

ಆಗಸ್ಟ್ ೨೫, ಸೋಮವಾರ

ನೈಟಿಯ ಮೇಲೊಂದು ದುಪಟ್ಟಾ ಹೊದ್ದು ಹೋದೆ. ಅದು ಹೇಗೂ ಈ ಊರಿನ ಬೆಳಗಿನ ಹೊತ್ತಿನ ರಾಷ್ಟ್ರೀಯ ಉಡುಪು. ಹೂವಿಲ್ಲ. ಕೊಡುಬಳೆ ಇಲ್ಲ. ಅಮ್ಮ ಬಾಗಿಲಲ್ಲಿ ನನ್ನನ್ನು ನೋಡಿ ಮುಖ ತಿರುಗಿಸಿದಳು.

ಡಾಕ್ಟರ್ ಮೈತ್ರಿ ಅದೇ ಪ್ರಶ್ನೆ ಕೇಳಿದರು. ನಾನು ಗೋಡೆಯ ಮೇಲಿನ ಬೆಂಕಿ ಆರಿಸುವ ಸಿಲಿಂಡರನ್ನು ನೋಡುತ್ತಾ ಹೇಳತೊಡಗಿದೆ. ಎಂಟು ಎಂದೆ. ರಾತ್ರಿ ಒಂಬತ್ತು ಎಂದೆ. ಜೂನಿನಿಂದ ತಲೆ ಬಾಚಿಕೊಂಡಿಲ್ಲ, ಅಮ್ಮ ಬಾಚುವಾಗ ಖುಷಿಗೆ ಬಾಚಿಸಿಕೊಳ್ಳುವ ಹಾಗೆ ನಟಿಸುತ್ತೇನೆ ಎಂದೆ. ಕಳೆದ ವರ್ಷ ದವಡೆ ಊದಿ ಹತ್ತು ದಿನ ಬರೀ ಗಂಜಿ ಕುಡಿದೆ, ಅದನ್ನು ಅಮ್ಮನಿಗೆ ಉಪವಾಸ ಎಂದಿದ್ದೆ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ರಾಜಾಜಿನಗರದವರ ಮುಂದೆ ಕುಳಿತಿದ್ದಾಗ ಎಡಭುಜ ಉರಿಯುತ್ತಿತ್ತು, ಅವರು ಹೋಗುವವರೆಗೂ ನಗುತ್ತಿದ್ದೆ ಎಂದೆ. ಅದು ಟ್ರಯಲಿಗೆ ಬೇಕಾಗಿರಲಿಲ್ಲ. ರೇಖಾ ಅದನ್ನೂ ಬರೆದುಕೊಂಡಳು ಎಂದು ಕಾಣುತ್ತದೆ.

ಅಮ್ಮ ಪಕ್ಕದಲ್ಲೇ ಕುಳಿತಿದ್ದಳು. ತಿರುಗಿ ನೋಡಲು ನನಗೆ ಕತ್ತಿಲ್ಲ. ಇದೊಂದು ಅನುಕೂಲ.

ಹೊಸ ಸ್ಕ್ಯಾನಿನಲ್ಲಿ ಮೊಣಕೈಯ ಹಿಂದೆ ಮೂಳೆ ಬಿಳಿಯ ಗೆರೆಯಾಗಿ ಕಾಣಿಸಿತು. ಜುಲೈನ ಸ್ಕ್ಯಾನಿನಲ್ಲಿ ಅಲ್ಲಿ ಅದಿರಲಿಲ್ಲ. "ಪುರಾವೆ ಸಿಕ್ತು!" ಎಂದು ನಚ್ಚಿ ಕೂಗಿದ. ಕೂಗಿದ ಮೇಲೆ ಅವನ ಮುಖ ಚಿಕ್ಕದಾಯಿತು.

ವಾಪಸ್ಸು ಬರುವಾಗ ರೋಡಿನಲ್ಲಿ ಹಂಪು ಬಂದಾಗಲೆಲ್ಲ ಅಮ್ಮ ನನ್ನ ಬಲಗೈ ಕೆಳಗೆ ತನ್ನ ಕೈ ಇಟ್ಟು ಹಿಡಿದುಕೊಂಡಳು. ಮನೆ ಬಂದ ಮೇಲೆ, "ನಾನೇ ಕಲಿಸಿದ್ದು, ಅಲ್ವೇನೇ?" ಎಂದಳು.

"ಏನಿಲ್ಲಮ್ಮ" ಎನ್ನಬೇಕಾಗಿತ್ತು. ತಾಲೀಮು ಜೋರಾಗಿ ಆಗಿತ್ತು ಅಂತ ಕಾಣುತ್ತೆ. ಬಾಯಿಗೆ ಬರಲಿಲ್ಲ.

ಸೆಪ್ಟೆಂಬರ್ ೩, ಬುಧವಾರ

ಮೊಣಕೈ ತೀರ್ಮಾನಕ್ಕೆ ಬಂದಿದೆ. ಎಲ್ ಆಕಾರ. ಕೀಬೋರ್ಡು ಸಿಗುತ್ತದೆ, ಬಾಯಿ ಸಿಗುವುದಿಲ್ಲ. ಸಂಪಾದಿಸಬಹುದು, ತಿನ್ನುವಂತಿಲ್ಲ.

ಅಮ್ಮ ತಿನ್ನಿಸುತ್ತಾಳೆ. ಕಲಸಿ, ತುತ್ತು ಮಾಡಿ, ನಾನು ನುಂಗುವವರೆಗೆ ಕಾಯುವಷ್ಟರಲ್ಲಿ ಸಾರು ತಣ್ಣಗಾಗಿರುತ್ತದೆ. ಪರವಾಗಿಲ್ಲ.

ಎಡಗೈಯಾದರೂ ಉಳಿಯಬೇಕು. ಅದರಲ್ಲಿ ಬೆರಳು, ಮಣಿಕಟ್ಟು ಇನ್ನೂ ನನ್ನವು.

ಸೆಪ್ಟೆಂಬರ್ ೯, ಮಂಗಳವಾರ

ಬ್ಯಾಂಕಿನ ಮ್ಯಾನೇಜರ್ ಶರಣ್ ನಾನು ಕಳಿಸಿದ ಸಂದೇಶಗಳನ್ನು ಹಿಂದಕ್ಕೆ ಕಳಿಸಿದ್ದಾನೆ. ಹತ್ತು ವರ್ಷದಲ್ಲಿ ಇದೇ ಮೊದಲು.

"ಮೇಡಂ, ಟೋನು ಸ್ವಲ್ಪ ರಫ್ ಆಗಿದೆ. ‘ನಿಮ್ಮ ಹಣ ಹೋಗಲಿಲ್ಲ. ತಪ್ಪು ನಮ್ಮದು. ಯಾವಾಗ ಸರಿಹೋಗುತ್ತದೆ ಎಂದು ನಮಗೆ ಗೊತ್ತಿಲ್ಲ’ ಅಂತ ಬರೆದಿದೀರಾ. ಕಸ್ಟಮರ್ ಹೆದರ್ಕೊಳ್ತಾರೆ. ಆ ‘ಸದ್ಯಕ್ಕೆ’ ಎಲ್ಲಾ ಎಲ್ಲಿ ಹೋಯ್ತು?"

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಓದಿದೆ. ನನಗೇನೂ ವ್ಯತ್ಯಾಸ ಕಾಣಲಿಲ್ಲ. ಹುಡುಗರಿಗೆ ಕನ್ನಡ ಓದಿ ಅಭ್ಯಾಸ ತಪ್ಪಿದೆ.

ಸೆಪ್ಟೆಂಬರ್ ೧೬, ಮಂಗಳವಾರ

ಅಣ್ಣಮ್ಮ ಫೋನ್ ಮಾಡಿದ್ದರು. ಆಸ್ಪತ್ರೆಯಲ್ಲಿ ನಂಬರು ಇಸಿದುಕೊಂಡಿದ್ದರು.

"ನಮ್ ಭೀಮೇಶಂಗೆ ಸಿಕ್ತು ಕಣಮ್ಮಾ! ಹಲ್ಲು ವಾಸಿಯಾತು, ತಗೊಂಡ್ರು! ಕೊನೇ ಜಾಗವಂತೆ! ನಿಂಗೂ ಸಿಕ್ಕಿರಬೇಕಲ್ಲ, ನೀನು ಅವತ್ತು ಲಕ್ಷ್ಮಿ ಹಂಗೆ ಬಂದಿದ್ದೆ!"

"ತುಂಬಾ ಸಂತೋಷ ಅಣ್ಣಮ್ಮ," ಎಂದೆ.

ಸಂತೋಷವಾಗಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಆ ಹುಡುಗನಿಗೆ ಸಿಕ್ಕದೆ ಇನ್ನಾರಿಗೆ ಸಿಕ್ಕಬೇಕು ಎಂದು ಹತ್ತು ಸಲ ಹೇಳಿಕೊಂಡೆ. ಆದರೂ ಆಗಲಿಲ್ಲ. ಜುಲೈನಲ್ಲಿ ಆ ಜಾಗ ನನ್ನ ಮುಂದೆ ಖುರ್ಚಿ ಹಾಕಿಕೊಂಡು ಕುಳಿತಿತ್ತು. ನಾನು ಅದಕ್ಕೆ, ನೀವು ಹೇಗಿದೀರಾ ಎಂದು ಕೇಳಿದೆ.

ಸೆಪ್ಟೆಂಬರ್ ೧೮, ಗುರುವಾರ

ಮಧ್ಯಾಹ್ನ ಊಟದ ಹೊತ್ತಿಗೆ ರೇಖಾ ಫೋನ್ ಮಾಡಿದಳು. ಅಮ್ಮ ಸ್ಪೀಕರ್ ಹಾಕಿ ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿದಳು.

"ಮೇಡಂ, ನಿಮ್ಮ ರಿಪೋರ್ಟ್ಸ್ ಎಲ್ಲಾ ಕ್ಲಿಯರ್ ಆಯ್ತು. ನೀವು ಎಲಿಜಿಬಲ್ ಅಂತ ಬಂದಿದೆ ಮೇಡಂ."

ಅಮ್ಮನ ಕೈಯಲ್ಲಿ ತುತ್ತು ಹಾಗೇ ನಿಂತಿತು.

"ಆದ್ರೆ ಮೇಡಂ, ಎನ್‌ರೋಲ್‌ಮೆಂಟು ಹೋದ ವಾರ ಕ್ಲೋಸ್ ಆಗೋಯ್ತು. ವೇಟಿಂಗ್ ಲಿಸ್ಟಲ್ಲಿ ನಿಮ್ಮ ಹೆಸರು ಫಸ್ಟ್ ಇರುತ್ತೆ. ಯಾರಾದ್ರೂ ಬಿಟ್ರೆ..." ಯಾರು ಬಿಡುತ್ತಾರೆ ಎಂದು ಅವಳಿಗೂ ಗೊತ್ತಿತ್ತು. "ದಯವಿಟ್ಟು ಬೇಜಾರ್ ಮಾಡ್ಕೋಬೇಡಿ ಮೇಡಂ."

ಇಲ್ಲಿ ಏನು ಹೇಳಬೇಕೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ಊರಲ್ಲಿ ಇಲ್ಲ. ಆ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುತ್ತೇನೆ.

"ಮಾಡ್ಕೋತೀನಿ ರೇಖಾ," ಎಂದೆ. "ತುಂಬಾ ಬೇಜಾರ್ ಮಾಡ್ಕೋತೀನಿ."

ಆ ಕಡೆ ಪ್ರಿಂಟರಿನ ಸದ್ದು ಕೇಳಿಸುತ್ತಿತ್ತು. ರೇಖಾ ಫೋನ್ ಇಡಲಿಲ್ಲ. ಪ್ರಿಂಟರು ನಿಂತ ಮೇಲೆ, "ಹೂಂ ಮೇಡಂ," ಎಂದಳು. ಈ ಸಲ ದನಿಯಲ್ಲಿ ಮರ್ಯಾದೆ ಇರಲಿಲ್ಲ, ಬರೀ ದನಿ ಇತ್ತು. ಆಮೇಲೆ ಇಟ್ಟಳು.

ಅಮ್ಮ ತುತ್ತನ್ನು ತಟ್ಟೆಗೆ ವಾಪಸ್ಸು ಹಾಕಿದಳು, ಮತ್ತೆ ಎತ್ತಿದಳು. ಏನಾದರೂ ಕೇಳಬೇಕಾಗಿತ್ತು, ಕೇಳಿದಳು.

"ಸಾರು ಬಿಸಿ ಇದೆಯೇನೇ?"

"ಇಲ್ಲ. ತಣ್ಣಗಿದೆ. ದಿನಾ ತಣ್ಣಗೇ ಇರುತ್ತೆ."

ಅಮ್ಮ ನನ್ನ ಮುಖ ನೋಡಿದಳು. ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಗ್ಯಾಸು ಹಚ್ಚಿದ ಸದ್ದು ಕೇಳಿಸಿತು.